ಕುದುರೆಯ ಬೆವರು: ಉಷ್ಣಶಾಸ್ತ್ರದ ಒಂದು ಪಾಠ

ಯಂತ್ರಗಳ ಸಾಮರ್ಥ್ಯವನ್ನು ಹೇಳುವಾಗ ನಾವು ಇಂದಿಗೂ ಕುದುರೆಯ ಹೆಸರನ್ನೇ ಹಿಡಿಯುತ್ತೇವೆ. ಬಾವಿಯ ಪಂಪು ಐದು ಅಶ್ವಶಕ್ತಿಯದು, ಟ್ರ್ಯಾಕ್ಟರು ನಲವತ್ತು ಅಶ್ವಶಕ್ತಿಯದು ಎನ್ನುತ್ತೇವೆ. ಹದಿನೆಂಟನೆಯ ಶತಮಾನದ ಕೊನೆಯ ಭಾಗದಲ್ಲಿ ಜೇಮ್ಸ್ ವಾಟ್‌ನು ತನ್ನ ಉಗಿಯಂತ್ರ ಎಷ್ಟು ಕುದುರೆಗಳ ಕೆಲಸ ಮಾಡಬಲ್ಲುದೆಂಬುದನ್ನು ಗಿರಾಕಿಗಳಿಗೆ ಮನಗಾಣಿಸಬೇಕಾಗಿತ್ತು. ಅದಕ್ಕಾಗಿ ಒಂದು ಕುದುರೆ ನಿಮಿಷಕ್ಕೆ 33,000 ಅಡಿ-ಪೌಂಡುಗಳಷ್ಟು ಕೆಲಸ ಮಾಡುತ್ತದೆಂದು ಅವನು ನಿಗದಿ ಮಾಡಿದನು. ಇಂದಿನ ಮಾನದಲ್ಲಿ ಅದು 746 ವಾಟ್. ಈ ಸಂಖ್ಯೆಯನ್ನು ನಮ್ಮ ವಿದ್ಯಾರ್ಥಿಗಳೆಲ್ಲರೂ ಬಾಯಿಪಾಠ ಮಾಡಿರುತ್ತಾರೆ. ಆದರೆ ಕುದುರೆಯೂ ಒಂದು ಯಂತ್ರವೇ. ಅದು ಮೇವೆಂಬ ಉರುವಲನ್ನು ಉರಿಸುತ್ತದೆ, ದುಡಿಯುತ್ತದೆ, ಕಾಯುತ್ತದೆ, ಕಾದುದನ್ನು ಆರಿಸಿಕೊಳ್ಳಲಾರದೆ ಹೋದರೆ ಕೆಟ್ಟು ನಿಲ್ಲುತ್ತದೆ ಎಂಬ ಮಾತು ಪಠ್ಯಪುಸ್ತಕದಲ್ಲಿ ಎಲ್ಲಿಯೂ ಬರುವುದಿಲ್ಲ. ಆ ಬಿಟ್ಟುಹೋದ ಪಾಠವನ್ನು ಇಲ್ಲಿ ಓದುಗರ ಮುಂದಿಡಲು ನಮಗೆ ಕಾರಣವೊಂದುಂಟು.

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲ್ಲೂಕುಗಳ ಸೀಮೆಯಲ್ಲಿ ಕುದುರೆ ಇನ್ನೂ ಪಟದೊಳಗಿನ ಪ್ರಾಣಿಯಾಗಿಲ್ಲ. ಟಾಂಗಾಗಳ ಕಾಲ ಬಹುಮಟ್ಟಿಗೆ ಮುಗಿಯಿತೆಂಬುದು ನಿಜ. ಆದರೆ ಜಾತ್ರೆಗಳಲ್ಲಿ ಕುದುರೆ ಗಾಡಿಯ ಶರ್ಯತ್ತು ಎಂದರೆ ಹತ್ತು ಹಳ್ಳಿಗಳ ಜನ ಕೂಡುತ್ತಾರೆ. ಕುರಿಗಾರರ ತಟ್ಟುಗಳಂತೂ ವರ್ಷಕ್ಕೊಮ್ಮೆ ನಮ್ಮ ರಸ್ತೆಗಳ ಬದಿಯಲ್ಲಿ ಸಾಲಾಗಿ ಹಾಯ್ದು ಹೋಗುವುದನ್ನು ಯಾರೂ ನೋಡಬಹುದು. ಭೀಮಾ ನದಿಯ ಸೀಮೆಯಿಂದ ಹೆಸರು ಪಡೆದ ಭೀಮಥಡಿ ಎಂಬ ದಖ್ಖನಿನ ಕುದುರೆ ಒಂದು ಕಾಲಕ್ಕೆ ಮರಾಠರ ದಂಡಿನ ಬೆನ್ನೆಲುಬಾಗಿತ್ತು. ಇಂದು ಅದರ ವಂಶವನ್ನು ಉಳಿಸಿಕೊಂಡು ಬಂದವರಲ್ಲಿ ಈ ಕುರಿಗಾರರೇ ಮುಖ್ಯರು. ಇತ್ತೀಚಿನ ವರ್ಷಗಳಲ್ಲಿ ಅದನ್ನು ಒಂದು ಪ್ರತ್ಯೇಕ ದೇಶೀ ತಳಿಯೆಂದು ಸರಕಾರವೂ ದಾಖಲು ಮಾಡಿಕೊಂಡಿದೆ.

ಇನ್ನು ಕಾರಣವನ್ನು ಹೇಳುತ್ತೇವೆ. ಕೆಲವು ವರ್ಷಗಳ ಹಿಂದೆ ವೈಶಾಖ ಮಾಸದಲ್ಲಿ, ಅಥಣಿಯ ಕಡೆಯ ಒಂದು ಹಳ್ಳಿಯ ಜಾತ್ರೆಗೆ ನಾವು ಹೋಗಿದ್ದೆವು. ಮಧ್ಯಾಹ್ನ ಒಂದು ಗಂಟೆಗೆ ಶರ್ಯತ್ತು ನಡೆಯಿತು. ಎರಡನೆಯ ಸ್ಥಾನದಲ್ಲಿ ಗುರಿ ಮುಟ್ಟಿದ ಗಾಡಿಯ ಕುದುರೆ ನಾಲ್ಕು ಹೆಜ್ಜೆ ತಡವರಿಸಿ, ಮೊಣಕಾಲೂರಿ, ಪಕ್ಕಕ್ಕೆ ಒರಗಿತು. ಮೂಗಿನ ಹೊಳ್ಳೆಗಳು ಅರಳಿದ್ದವು. ಪಕ್ಕೆಗಳು ತಿದಿಯಂತೆ ಏರಿಳಿಯುತ್ತಿದ್ದವು. ಯಾರೋ ಒಬ್ಬ ಹುಡುಗ ಕೊಡ ತುಂಬ ನೀರು ತಂದನು. ಅವನ ಕೈಯನ್ನು ಒಬ್ಬ ಹಿರಿಯರು ಹಿಡಿದು ನಿಲ್ಲಿಸಿದರು: “ಬ್ಯಾಡ್ರೋ! ಕಾದ ಮೈಗೆ ತಣ್ಣೀರು ಬಿದ್ದರ ನರಾ ಹಿಡೀತಾವ, ಕುದರಿ ಇಲ್ಲೇ ಸಾಯ್ತೈತಿ.” ಎಲ್ಲರೂ ಹೌದೆಂದರು. ನೀರಿನ ಬದಲು ಒಂದು ಕಂಬಳಿಯನ್ನು ತಂದು ಹೊದಿಸಿದರು. ಓಟದ ಹಾದಿಯಲ್ಲಿ ಧೂಳು ಏಳದಂತೆ ನೀರು ಚಿಮುಕಿಸಲು ತಂದಿದ್ದ ಟ್ಯಾಂಕರು ಅಲ್ಲಿಂದ ಇಪ್ಪತ್ತು ಹೆಜ್ಜೆಗಳ ದೂರದಲ್ಲಿ, ಅರ್ಧ ತುಂಬಿ, ನಿಂತಿತ್ತು. ಭೌತಶಾಸ್ತ್ರದಲ್ಲಿ ಎಂ.ಎಸ್‌ಸಿ. ಮಾಡಿಕೊಂಡಿದ್ದ ನಾವೂ ಹಿರಿಯರ ಮಾತಿನಲ್ಲಿ ಏನೋ ಅನುಭವವಿರಬೇಕೆಂದು ಸುಮ್ಮನಿದ್ದೆವು. ಸಂಜೆಗೆ ಮುನ್ನ ಕುದುರೆ ಸತ್ತಿತು. ಅದರ ಒಡೆಯನ ಮಗ ನಮ್ಮ ಕಾಲೇಜಿನ ವಿದ್ಯಾರ್ಥಿ. ರಜೆ ಮುಗಿದ ಮೇಲೆ ತರಗತಿಯ ಬಾಗಿಲಲ್ಲಿ ನಿಂತು ಅವನು ಕೇಳಿದನು: “ಸರ್, ಆವತ್ತ ನೀರ ಹಾಕಿದ್ರ ನಮ್ಮ ಕುದರಿ ಉಳೀತಿತ್ತೇನ್ರಿ?”

ಈ ಪ್ರಶ್ನೆಗೆ ಉತ್ತರ ಹೇಳಬೇಕಾದರೆ ಮೊದಲು ಲೆಕ್ಕ ಮಾಡಬೇಕು. ಕುದುರೆಯ ತೂಕ 300 ಕಿಲೋಗ್ರಾಂ ಎಂದಿಟ್ಟುಕೊಳ್ಳೋಣ. ಪ್ರಾಣಿಯು ಓಡುವಾಗ ಎಷ್ಟು ಶಕ್ತಿಯನ್ನು ವೆಚ್ಚ ಮಾಡುತ್ತದೆಂಬುದನ್ನು ಅದು ಬಳಸುವ ಆಮ್ಲಜನಕದಿಂದ ಅಳೆಯಬಹುದು. 1981ರಲ್ಲಿ ಹಾಯ್ಟ್ ಮತ್ತು ಟೇಲರ್ ಎಂಬ ವಿಜ್ಞಾನಿಗಳು ಸಣ್ಣ ಕುದುರೆಗಳನ್ನು ಚಲಿಸುವ ಪಟ್ಟಿಯ ಮೇಲೆ ನಡೆಸಿ, ಓಡಿಸಿ ಇಂಥ ಅಳತೆಗಳನ್ನು ಪ್ರಕಟಿಸಿದರು. ನಡಿಗೆ, ಕುಕ್ಕುಲೋಟ, ನಾಗಾಲೋಟ ಎಂಬ ಮೂರು ಗತಿಗಳಲ್ಲಿ ಪ್ರತಿಯೊಂದಕ್ಕೂ ಮಿತವ್ಯಯದ ಒಂದು ವೇಗವಿದೆ. ತನ್ನ ಪಾಡಿಗೆ ಬಿಟ್ಟ ಕುದುರೆ ಆ ವೇಗವನ್ನೇ ಆರಿಸಿಕೊಳ್ಳುತ್ತದೆ. ಇದು ಬಹು ಸ್ವಾರಸ್ಯವಾದ ಸಂಗತಿ. ಲಗಾಮು ಹಿಡಿದವನಿಗಿಂತ ಕುದುರೆಗೇ ತನ್ನ ಜಮಾಖರ್ಚು ಚೆನ್ನಾಗಿ ಗೊತ್ತು. ಅದಿರಲಿ. ಅಂಥ ವೇಗಗಳಲ್ಲಿ ಒಂದು ಕಿಲೋಗ್ರಾಂ ಮೈತೂಕವನ್ನು ಒಂದು ಮೀಟರು ಸಾಗಿಸಲು ಸ್ಥೂಲವಾಗಿ 2 ಜೂಲ್ ಶಕ್ತಿ ಬೇಕು. ಆದುದರಿಂದ ನಮ್ಮ ಕುದುರೆ ಬರಿಮೈಯಲ್ಲಿ ಓಡಿದರೂ ಮೀಟರಿಗೆ 600 ಜೂಲ್ ವೆಚ್ಚವಾಗುತ್ತದೆ.

ಇದರ ಮೇಲೆ ಗಾಡಿ. ಗಾಡಿಯೂ ಹೊಡೆಯುವವನೂ ಸೇರಿ 200 ಕಿಲೋಗ್ರಾಂ. ಮಣ್ಣಿನ ಹಾದಿಯಲ್ಲಿ ರಬ್ಬರು ಚಕ್ರಗಳ ಉರುಳು ಘರ್ಷಣೆ ತೂಕದ ನೂರಕ್ಕೆ ಮೂರು ಪಾಲೆಂದು ಹಿಡಿದರೆ ಎಳೆಯುವ ಬಲ ಸುಮಾರು 60 ನ್ಯೂಟನ್. ಎಂದರೆ ಮೀಟರಿಗೆ 60 ಜೂಲ್ ಕೆಲಸ. ಆದರೆ ಸ್ನಾಯುಗಳ ದಕ್ಷತೆ ನೂರಕ್ಕೆ ಇಪ್ಪತ್ತೈದನ್ನು ಮೀರುವುದು ಅಪರೂಪ. 60 ಜೂಲ್ ಕೆಲಸಕ್ಕೆ 240 ಜೂಲ್ ಶಕ್ತಿಯನ್ನು ತೆರಬೇಕಾಗುತ್ತದೆ. ಒಟ್ಟು ವೆಚ್ಚ ಮೀಟರಿಗೆ 840 ಜೂಲ್. ಅದರಲ್ಲಿ ಗಾಡಿಗೆ ಸಂದದ್ದು ಬರಿಯ 60. ಉಳಿದ 780 ಜೂಲ್ ಕುದುರೆಯ ಮೈಯಲ್ಲೇ ಶಾಖವಾಗಿ ಉಳಿಯಿತು. ಸೆಕೆಂಡಿಗೆ 7 ಮೀಟರು, ಅಂದರೆ ಗಂಟೆಗೆ 25 ಕಿಲೋಮೀಟರು ವೇಗದಲ್ಲಿ ಇದು ಸುಮಾರು ಐದೂವರೆ ಕಿಲೋವಾಟ್ ಆಗುತ್ತದೆ. ಮನೆಯಲ್ಲಿ ಸ್ನಾನದ ನೀರಿಗೆ ಮುಳುಗಿಸುವ ಒಂದು ಕಿಲೋವಾಟಿನ ಕಾಯಿಲುಗಳು ಐದಾರನ್ನು ಒಟ್ಟಿಗೆ ಕುದುರೆಯ ಹೊಟ್ಟೆಯೊಳಗಿಟ್ಟು ಉರಿಸಿದಂತೆ! ಗಾಡಿಗೆ ದಕ್ಕಿದ್ದಾದರೋ 420 ವಾಟ್, ವಾಟ್‌ನ ಕುದುರೆಯ ಅರ್ಧಕ್ಕಿಂತ ತುಸು ಹೆಚ್ಚು.

ಐದು ಕಿಲೋಮೀಟರಿನ ಓಟ ಹನ್ನೆರಡು ನಿಮಿಷಗಳಲ್ಲಿ ಮುಗಿಯುತ್ತದೆ. ಅಷ್ಟರಲ್ಲಿ ಹುಟ್ಟಿದ ಶಾಖ 39 ಲಕ್ಷ ಜೂಲ್. ಪ್ರಾಣಿಶರೀರದ ವಿಶಿಷ್ಟೋಷ್ಣ ಕಿಲೋಗ್ರಾಮಿಗೆ, ಪ್ರತಿ ಡಿಗ್ರಿಗೆ, 3,500 ಜೂಲ್. 300 ಕಿಲೋಗ್ರಾಮಿನ ಮೈಯನ್ನು ಒಂದು ಡಿಗ್ರಿ ಕಾಯಿಸಲು ಹತ್ತೂವರೆ ಲಕ್ಷ ಜೂಲ್ ಸಾಕು. ಹುಟ್ಟಿದ ಶಾಖದಲ್ಲಿ ಒಂದಿಷ್ಟೂ ಹೊರಗೆ ಹೋಗದಿದ್ದರೆ ಮೈ 3.7 ಡಿಗ್ರಿ ಏರುತ್ತದೆ. ಕುದುರೆಯ ಸಹಜ ಉಷ್ಣತಾಮಾನ 38 ಡಿಗ್ರಿ ಸೆಲ್ಸಿಯಸ್; ಅದು 41.7ಕ್ಕೆ ಹೋಗುತ್ತದೆ. 41ನ್ನು ದಾಟಿದ ಕುದುರೆಯ ಪ್ರಾಣಕ್ಕೆ ಅಪಾಯವಿದೆಯೆಂದು ಪಶುವೈದ್ಯರು ಹೇಳುತ್ತಾರೆ. ಹನ್ನೆರಡು ನಿಮಿಷಗಳು ಎಷ್ಟು ದೊಡ್ಡ ಕಾಲವೆಂಬುದು ಈಗ ತಿಳಿಯಿತಲ್ಲವೆ?

ಈ ಶಾಖ ಹೊರಗೆ ಹೋಗುವ ಹಾದಿ ಯಾವುದು? ವಹನ, ಸಂವಹನ, ವಿಕಿರಣ ಎಂಬ ಮೂರು ಹಾದಿಗಳೂ ಮೈಗಿಂತ ಸುತ್ತಲಿನ ಗಾಳಿ ತಣ್ಣಗಿರುವಾಗ ಮಾತ್ರ ಉಪಯೋಗಕ್ಕೆ ಬರುತ್ತವೆ. ಚರ್ಮದ ಉಷ್ಣತಾಮಾನ 35 ಡಿಗ್ರಿಯ ಸುಮಾರಿನದು. ವೈಶಾಖದ ಮಧ್ಯಾಹ್ನ ಅಥಣಿಯಲ್ಲಿ ಗಾಳಿಯೇ 40 ಡಿಗ್ರಿಯ ಆಸುಪಾಸಿನಲ್ಲಿರುವಾಗ ಶಾಖ ಹೊರಗಿನಿಂದ ಒಳಗೆ ಹರಿಯುತ್ತದೆ. ಮೇಲಾಗಿ ದೊಡ್ಡ ಪ್ರಾಣಿಯ ಮೈತೂಕಕ್ಕೆ ಹೋಲಿಸಿದರೆ ಅದರ ಮೈಹೊದಿಕೆ ಚಿಕ್ಕದು. 70 ಕಿಲೋಗ್ರಾಮಿನ ಮನುಷ್ಯನಿಗೆ 1.8 ಚದರ ಮೀಟರು ಚರ್ಮವಿದ್ದರೆ 300 ಕಿಲೋಗ್ರಾಮಿನ ಕುದುರೆಗೆ ಸುಮಾರು ಮೂರೂವರೆ ಚದರ ಮೀಟರು. ಕಿಲೋಗ್ರಾಮಿನ ಲೆಕ್ಕದಲ್ಲಿ ಮನುಷ್ಯನ ಪಾಲಿನ ಅರ್ಧವೂ ಬರಲಿಲ್ಲ. ನಾಯಿಯಂತೆ ಬಾಯಿ ತೆರೆದು ತೇಕೋಣವೆಂದರೆ ಕುದುರೆ ಬಾಯಿಂದ ಉಸಿರಾಡುವ ಪ್ರಾಣಿಯೇ ಅಲ್ಲ. ಅದಕ್ಕೆ ಮೂಗೊಂದೇ ಗತಿ. ನಾಗಾಲೋಟದಲ್ಲಂತೂ ಒಂದು ನೆಗೆತಕ್ಕೆ ಒಂದೇ ಉಸಿರು.

ಆದುದರಿಂದ ಉಳಿದ ದೊಡ್ಡ ಉಪಾಯ ಬೆವರು. ಒಂದು ಲೀಟರು ಬೆವರು ಆವಿಯಾದರೆ ಅದರ ಗುಪ್ತೋಷ್ಣವಾಗಿ 24 ಲಕ್ಷ ಜೂಲ್ ಶಾಖ ಹೊರಬೀಳುತ್ತದೆ. ಲೆಕ್ಕಕ್ಕೆ ಒಂದೂವರೆ ಲೀಟರಿಗಿಂತ ತುಸು ಹೆಚ್ಚು ಬೆವರಿದರೆ ನಮ್ಮ ಶರ್ಯತ್ತಿನ ಶಾಖವೆಲ್ಲ ತೀರಬೇಕು. ಕುದುರೆ ಧಾರಾಳವಾಗಿ ಬೆವರಬಲ್ಲುದು. ಕಠಿಣ ಶ್ರಮದಲ್ಲಿ ಗಂಟೆಗೆ ಹತ್ತು ಲೀಟರು ಮತ್ತು ಅದಕ್ಕೂ ಮಿಗಿಲಾಗಿ ಬೆವರುವುದುಂಟು. ಅದರ ಬೆವರಿನಲ್ಲಿ ಲ್ಯಾಥರಿನ್ ಎಂಬ ಸಾಬೂನಿನ ಗುಣದ ಒಂದು ಪ್ರೋಟೀನು ಇದೆ. ಎಣ್ಣೆ ಸವರಿದಂತಿರುವ ಕೂದಲಿನ ಮೇಲೆ ನೀರು ಹನಿಗೂಡಿ ಜಾರಿಹೋಗದೆ, ಹರಡಿ, ಬೇಗ ಆವಿಯಾಗುವಂತೆ ಇದು ಮಾಡುತ್ತದೆ. ಕುತ್ತಿಗೆಯ ಮೇಲೂ ತೊಡೆಗಳ ನಡುವೆಯೂ ನಾವು ಕಾಣುವ ಬಿಳಿಯ ನೊರೆ ಇದರದೇ. ಆದರೆ ನೆಲಕ್ಕೆ ತೊಟ್ಟಿಕ್ಕಿದ ಬೆವರು ಶಾಖವನ್ನು ಒಯ್ಯುವುದಿಲ್ಲ, ಆವಿಯಾದ ಬೆವರು ಮಾತ್ರ ಒಯ್ಯುತ್ತದೆ. ತೊಟ್ಟಿಕ್ಕುವ ಪಾಲು ಸಣ್ಣದಲ್ಲ.

ಇಲ್ಲಿ ಋತುಮಾನದ ಪ್ರಶ್ನೆ ಬರುತ್ತದೆ. ಆವಿಯಾಗುವ ವೇಗವನ್ನು ನಿರ್ಣಯಿಸುವುದು ಗಾಳಿಯ ಬಿಸಿಯಲ್ಲ. ಚರ್ಮದ ಬಳಿಯ ಆವಿಯ ಒತ್ತಡಕ್ಕೂ ಗಾಳಿಯಲ್ಲಿನ ಆವಿಯ ಒತ್ತಡಕ್ಕೂ ಇರುವ ಅಂತರ. 35 ಡಿಗ್ರಿಯ ಒದ್ದೆ ಚರ್ಮದ ಮೇಲೆ ಆವಿಯ ಒತ್ತಡ ಪಾದರಸದ 42 ಮಿಲಿಮೀಟರು. ಅಥಣಿಯ ಬೇಸಗೆಯ ಗಾಳಿ 40 ಡಿಗ್ರಿ, ಆರ್ದ್ರತೆ ನೂರಕ್ಕೆ 20 ಎನ್ನಿ. ಅದರ ಆವಿಯ ಒತ್ತಡ 11 ಮಿಲಿಮೀಟರು. ಅಂತರ 31. ಅದೇ ಜ್ಯೇಷ್ಠ ಮಾಸದಲ್ಲಿ ಕೃಷ್ಣೆಯ ದಂಡೆಯ ಕಬ್ಬಿನ ಹೊಲಗಳ ನಡುವೆ, ಮಳೆ ಬಂದು ನಿಂತ ಮೇಲೆ, ಗಾಳಿ 30 ಡಿಗ್ರಿ, ಆರ್ದ್ರತೆ 85 ಎನ್ನಿ. ಆವಿಯ ಒತ್ತಡ 27 ಮಿಲಿಮೀಟರು. ಅಂತರ 15ಕ್ಕೆ ಇಳಿಯಿತು. ನಮಗೆ ಹಿತವೆನಿಸುವ ಈ ದಿನದಲ್ಲಿ ಕುದುರೆಯ ಬೆವರು ಬೇಸಗೆಯ ಅರ್ಧ ವೇಗದಲ್ಲಿ ಆರುತ್ತದೆ. ‘ಬಿಸಿಲಿಲ್ಲ, ಇನ್ನೆರಡು ಸುತ್ತು ಓಡಿಸೋಣ’ ಎನ್ನುವವರು ಈ ಸಂಖ್ಯೆಗಳನ್ನು ನೋಡಬೇಕು.

ಈಗ ಆ ಕೊಡ ನೀರಿನ ವಿಚಾರ. 20 ಲೀಟರಿನ ಒಂದು ಬಕೀಟು ನೀರು 25 ಡಿಗ್ರಿಯದೆಂದೂ, ಮೈಮೇಲಿನಿಂದ ಹರಿದು ಕೆಳಗೆ ಬೀಳುವ ಹೊತ್ತಿಗೆ 33 ಡಿಗ್ರಿಗೆ ಕಾಯುತ್ತದೆಂದೂ ಇಟ್ಟುಕೊಳ್ಳೋಣ. ಅದು ಒಯ್ದ ಶಾಖ 20 × 4,200 × 8, ಎಂದರೆ 6 ಲಕ್ಷ 72 ಸಾವಿರ ಜೂಲ್. ಮೈಯ ಉಷ್ಣತಾಮಾನದಲ್ಲಿ 0.64 ಡಿಗ್ರಿ. ಆರು ಬಕೀಟುಗಳಾದರೆ ಶರ್ಯತ್ತಿನ ಶಾಖವೆಲ್ಲ ತೀರಿತು! ವಾಸ್ತವದಲ್ಲಿ ಚರ್ಮ ತಣಿದಂತೆಲ್ಲ ಒಂದೊಂದು ಬಕೀಟು ಒಯ್ಯುವ ಶಾಖ ಕಡಿಮೆಯಾಗುತ್ತ ಹೋಗುವುದರಿಂದ ಹತ್ತೋ ಹದಿನೈದೋ ಬೇಕಾದೀತು. ಟ್ಯಾಂಕರಿನಲ್ಲಿ ಅಷ್ಟಕ್ಕೇನೂ ಕೊರತೆಯಿರಲಿಲ್ಲ.

ನರ ಹಿಡಿಯುತ್ತದೆಂಬ ಭಯವು ನಮ್ಮ ಸೀಮೆಯದೊಂದೇ ಅಲ್ಲ. ಯುರೋಪಿನ ಲಾಯಗಳಲ್ಲಿಯೂ ಅದು ಬಹುಕಾಲ ಇತ್ತು. ಬಿಸಿಲಿಗೂ ಸೆಕೆಗೂ ಹೆಸರಾದ ಅಟ್ಲಾಂಟಾ ನಗರದಲ್ಲಿ 1996ರ ಒಲಿಂಪಿಕ್ ಕ್ರೀಡೆಗಳು ನಡೆಯುವುದೆಂದು ಗೊತ್ತಾದ ಮೇಲೆ, ಕುದುರೆಗಳ ಗತಿಯೇನೆಂದು ಚಿಂತೆಗೊಂಡ ಪಶುವೈದ್ಯ ವಿಜ್ಞಾನಿಗಳು ಇದನ್ನು ಪ್ರಯೋಗಕ್ಕೆ ಒಡ್ಡಿದರು. ಓಡಿ ಕಾದ ಕುದುರೆಗಳ ಇಡೀ ಮೈಮೇಲೆ ತಣ್ಣೀರನ್ನು ಸುರಿದು ನೋಡಿದರು. ಸ್ನಾಯುಗಳಿಗೆ ಕೇಡಾಗಲಿಲ್ಲ, ಉಷ್ಣತಾಮಾನ ಬೇಗ ಇಳಿಯಿತು. ಸುರಿದ ನೀರನ್ನು ಕೂಡಲೇ ಹೆರೆದು ತೆಗೆಯಬೇಕೆಂಬ ಇನ್ನೊಂದು ನಂಬಿಕೆಯೂ ಇತ್ತು. ಕಾದ ನೀರಿನ ಪದರನ್ನು ಮುಂದಿನ ಬಕೀಟು ತಾನೇ ತಳ್ಳಿಕೊಂಡು ಹೋಗುವುದರಿಂದ, ಬಿಡುವಿಲ್ಲದೆ ಸುರಿಯುತ್ತಿದ್ದರೆ ಹೆರೆಯುವ ಕೆಲಸ ಕಾಲಹರಣವೇ ಸರಿ ಎಂದು ಆ ಮೇಲಿನ ಪರೀಕ್ಷೆಗಳಿಂದ ತಿಳಿದುಬಂದಿದೆ. ಕಂಬಳಿಯ ವಿಷಯವನ್ನು ಬರೆಯಲು ನಮಗೆ ಸಂಕಟವಾಗುತ್ತದೆ. ಉಣ್ಣೆಯ ಎಳೆಗಳ ನಡುವೆ ನಿಂತ ಗಾಳಿ ಅತ್ಯುತ್ತಮ ಉಷ್ಣ ನಿರೋಧಕವೆಂದು ಅದಕ್ಕೆ ಹಿಂದಿನ ವಾರವಷ್ಟೇ ನಾವು ತರಗತಿಯಲ್ಲಿ ಕಲಿಸಿದ್ದೆವು.

ಇನ್ನೊಂದು ಮಾತು. ಓಟ ನಿಂತೊಡನೆ ಅಪಾಯ ನಿಲ್ಲುವುದಿಲ್ಲ. ಸ್ನಾಯುಗಳಲ್ಲಿ ಕೂಡಿದ ಶಾಖ ರಕ್ತದ ಮೂಲಕ ಮೈಯೆಲ್ಲ ಹರಡಲು ಕೆಲವು ನಿಮಿಷಗಳು ಹಿಡಿಯುತ್ತವೆ. ಅಷ್ಟರಲ್ಲಿ ಓಟದಿಂದ ಬೀಸುತ್ತಿದ್ದ ಗಾಳಿಯೂ ನಿಂತಿರುತ್ತದೆ. ಹೀಗಾಗಿ ಕುದುರೆ ನಿಂತ ಮೇಲೂ ಅದರ ಉಷ್ಣತಾಮಾನ ಸ್ವಲ್ಪ ಏರುವುದುಂಟು. ಬಹುಮಾನದ ಗದ್ದಲದಲ್ಲಿ ಕಳೆದುಹೋಗುವ ನಿಮಿಷಗಳೇ ಅತ್ಯಂತ ಬೆಲೆಯುಳ್ಳವು. ಕುಡಿಯುವ ನೀರಿನಲ್ಲಿಯೂ ಒಂದು ಸೂಕ್ಷ್ಮವಿದೆ. ಕುದುರೆಯ ಬೆವರು ಮನುಷ್ಯನದಕ್ಕಿಂತ ಬಹಳ ಉಪ್ಪು. ನೀರಿನ ಜೊತೆಗೆ ಉಪ್ಪೂ ಹೋಗಿಬಿಡುವುದರಿಂದ ರಕ್ತ ಗಡುಸಾಗುವುದಿಲ್ಲ. ರಕ್ತ ಗಡುಸಾಗದೆ ಬಾಯಾರಿಕೆಯ ಸೂಚನೆ ಮಿದುಳಿಗೆ ಮುಟ್ಟುವುದಿಲ್ಲ. ಲೀಟರುಗಟ್ಟಲೆ ನೀರನ್ನು ಕಳೆದುಕೊಂಡ ಕುದುರೆ ತೊಟ್ಟಿಯ ಮುಂದೆ ಸುಮ್ಮನೆ ನಿಲ್ಲುತ್ತದೆ. ‘ನೀರಡಿಕೆಯಿಲ್ಲ’ ಎಂದು ಒಡೆಯ ಕೊಂಡೊಯ್ಯುತ್ತಾನೆ. ಮೇವಿನೊಡನೆ ಉಪ್ಪು ಕೊಡುವ ಹಳೆಯ ಟಾಂಗಾದವರ ರೂಢಿ ಶಾಸ್ತ್ರಸಮ್ಮತವಾದುದು.

ನಮ್ಮ ದೇಶದಲ್ಲಿ ಭಾರ ಎಳೆಯುವ ಮತ್ತು ಹೊರುವ ಪ್ರಾಣಿಗಳ ಬಗ್ಗೆ 1965ರಲ್ಲಿ ಮಾಡಿದ ನಿಯಮಗಳಿವೆ. ಉಷ್ಣತಾಮಾನ 37 ಡಿಗ್ರಿಯನ್ನು ದಾಟಿದ ಪ್ರದೇಶದಲ್ಲಿ ಮಧ್ಯಾಹ್ನ 12ರಿಂದ 3 ಗಂಟೆಯವರೆಗೆ ಪ್ರಾಣಿಯನ್ನು ಗಾಡಿಗೆ ಹೂಡಬಾರದೆಂದು ಅವು ಹೇಳುತ್ತವೆ. ಚರ್ಮದ 35 ಡಿಗ್ರಿಯ ಪಕ್ಕದಲ್ಲಿ ಈ 37ನ್ನು ಇಟ್ಟು ನೋಡಿದರೆ ನಿಯಮದಲ್ಲಿ ಅಡಗಿದ ಭೌತಶಾಸ್ತ್ರ ಕಾಣುತ್ತದೆ.

ಮಳೆಗಾಲದ ಕಷ್ಟ ಬೇರೆ. ಅದು ಕಾಲಿನ ಕೆಳಗಿನದು. ನಿಪ್ಪಾಣಿಯಿಂದ ನೈಋತ್ಯಕ್ಕೆ ಸಹ್ಯಾದ್ರಿಯ ನೆತ್ತಿಯಲ್ಲಿರುವ ಅಂಬೋಲಿಯಲ್ಲಿ ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿನ ಸುಮಾರು ಮಳೆ ಬೀಳುತ್ತದೆ. ಘಟ್ಟದ ಮಳೆನೆರಳಿನಲ್ಲಿರುವ ಅಥಣಿ, ಕಾಗವಾಡಗಳಿಗೆ ಬರುವುದು ಅದರ ಒಂದು ಸಣ್ಣ ಪಾಲು. ಈ ಇಳಿಜಾರೇ ಕುರಿಗಾರರ ಪಂಚಾಂಗ. ಮೃಗಶಿರಾ ಮಳೆ ಹಿಡಿದೊಡನೆ ಅವರು ಒಣನಾಡಿನ ಕಡೆಗೆ ಪೂರ್ವಕ್ಕೆ ಸರಿಯುತ್ತಾರೆ. ಮಳೆ ಕಳೆದ ಮೇಲೆ ಸುಗ್ಗಿಯಾದ ಹೊಲಗಳಲ್ಲಿ ಕುರಿ ತರುಬುತ್ತ ಪಶ್ಚಿಮಕ್ಕೆ ಮರಳುತ್ತಾರೆ. ಪಾತ್ರೆ, ಹಾಸಿಗೆ, ಕೋಳಿ, ನಡೆಯಲಾರದ ಎಳೆಮರಿ, ಕೆಲವೊಮ್ಮೆ ಮಗು ಸಹ ತಟ್ಟುವಿನ ಬೆನ್ನ ಮೇಲೆ. ಭಾರ ಹೇರುವ ಕೆಲಸ ಹೆಚ್ಚಾಗಿ ಹೆಂಗಸರದು. ಎಡಕ್ಕೊಂದು, ಬಲಕ್ಕೊಂದು ಚೀಲ ಇಳಿಬಿಟ್ಟು, ಒಂದು ಕಡೆ ಮರಿ ಹೆಚ್ಚಾದರೆ ಇನ್ನೊಂದು ಕಡೆ ತಪ್ಪಲೆಯನ್ನು ಬೆನ್ನಿನಿಂದ ತುಸು ದೂರಕ್ಕೆ ಕಟ್ಟಿ ತೂಗಿಸುವುದನ್ನು ನಾವು ನಿಂತು ನೋಡಿದ್ದೇವೆ. ಬಲವನ್ನೂ ದೂರವನ್ನೂ ಗುಣಿಸಿ ಎರಡು ಪಕ್ಕ ಸಮ ಮಾಡುವ ಸನ್ನೆಯ ನಿಯಮವನ್ನು ಇಷ್ಟು ಬೇಗ ಬಿಡಿಸುವ ವಿದ್ಯಾರ್ಥಿ ನಮ್ಮ ತರಗತಿಯಲ್ಲಿಲ್ಲ.

250 ಕಿಲೋಗ್ರಾಮಿನ ತಟ್ಟುವಿನ ಮೇಲೆ 70 ಕಿಲೋಗ್ರಾಂ ಹೇರಿದರೆಂದುಕೊಳ್ಳಿ. 1965ರ ನಿಯಮಗಳೂ ತಟ್ಟುವಿಗೆ ಇಷ್ಟನ್ನೇ ಮಿತಿಯಾಗಿ ಹೇಳುತ್ತವೆ. ಒಂದು ಗೊರಸಿನ ತಳ 80 ಚದರ ಸೆಂಟಿಮೀಟರು ಇದ್ದರೆ, ನಿಂತಾಗ ನೆಲದ ಮೇಲೆ ಬೀಳುವ ಒತ್ತಡ ಹೆಚ್ಚುಕಡಿಮೆ ವಾಯುಮಂಡಲದ ಒತ್ತಡಕ್ಕೆ ಸಮ. ಕುಕ್ಕುಲೋಟದಲ್ಲಿ ಒಂದೊಂದು ಕಾಲಿನ ಮೇಲೂ ಕ್ಷಣಮಾತ್ರ ಇಡೀ ಮೈಯ ಭಾರದಷ್ಟು ಬಲ ಬೀಳುವುದರಿಂದ ಅದು ನಾಲ್ಕು ಪಟ್ಟಾಗುತ್ತದೆ. ನೆನೆದ ಎರೆಮಣ್ಣು ಇದನ್ನು ತಡೆಯಲಾರದು. ಎತ್ತಿನ ಸೀಳು ಗೊರಸು ಕೆಸರಿನಲ್ಲಿ ಇಳಿಯುವಾಗ ಅರಳಿ, ಮೇಲೇಳುವಾಗ ಮುದುಡಿ, ಗಾಳಿಗೆ ದಾರಿ ಕೊಡುತ್ತದೆ. ಕುದುರೆಯ ಒಂಟಿ ಗೊರಸಿನ ಕೆಳಗೆ ಗಾಳಿ ಸೇರದೆ, ಕೆಸರು ಅದನ್ನು ಹೀರಿ ಹಿಡಿಯುತ್ತದೆ. ಲಾಳ ಕಿತ್ತುಬರುವುದು ಇಂಥಲ್ಲೇ. ಆದುದರಿಂದಲೇ ಮಳೆಗಾಲದಲ್ಲಿ ಕುರಿಗಾರರು ಹೊಲದ ನಡುವೆ ಹಾಯದೆ ಬದುಗಳನ್ನೂ ರಸ್ತೆಯ ಅಂಚನ್ನೂ ಹಿಡಿಯುತ್ತಾರೆ. ಗೊರಸಿನ ತಳದ ಮೂರು ಮೂಲೆಯ ಮೆದು ಭಾಗದ ಸಂದುಗಳಲ್ಲಿ ಕೆಸರೂ ಸಗಣಿಯೂ ತುಂಬಿ ನಿಂತರೆ ಗಾಳಿಯಿಲ್ಲದೆ ಬದುಕುವ ಸೂಕ್ಷ್ಮಜೀವಿಗಳು ಅಲ್ಲಿ ಬೆಳೆದು ಕೊಳೆ ಹಿಡಿಯುತ್ತದೆ. ದಿನವೂ ಕೆದಕಿ ತೆಗೆದು, ಒಣ ನೆಲದಲ್ಲಿ ನಿಲ್ಲಿಸುವುದೇ ಮದ್ದು. ಗೊರಸಿಗೆ ಮೊಳೆ, ಮುಳ್ಳು ನೆಟ್ಟರೆ ಮಾತ್ರ ಮನೆಮದ್ದಿಗೆ ಹೋಗದೆ ಪಶುವೈದ್ಯರನ್ನು ಕರೆಯಬೇಕು. ಧನುರ್ವಾಯುವಿಗೆ ಕುದುರೆಯಷ್ಟು ಸುಲಭವಾಗಿ ತುತ್ತಾಗುವ ಸಾಕುಪ್ರಾಣಿ ಬೇರೊಂದಿಲ್ಲ.

ಮಳೆಯ ಕೊನೆಯಲ್ಲಿ ಹೆಚ್ಚುವ, ರಕ್ತ ಹೀರುವ ದೊಡ್ಡ ನೊಣಗಳಿಂದ ಸರ್ರಾ ಎಂಬ ರೋಗ ಹರಡುತ್ತದೆ. ಬಿಟ್ಟು ಬಿಟ್ಟು ಜ್ವರ, ಕಾಲು ಹೊಟ್ಟೆಗಳ ಕೆಳಗೆ ಬಾವು, ತಿಂದರೂ ಸೊರಗುವ ಮೈ ಇದರ ಲಕ್ಷಣಗಳು. ಇದಕ್ಕೆ ಕಾರಣವಾದ ಸೂಕ್ಷ್ಮಜೀವಿಯನ್ನು 1880ರಲ್ಲಿ ಗ್ರಿಫಿತ್ ಎವಾನ್ಸ್ ಎಂಬ ಪಶುವೈದ್ಯನು ಅಂದಿನ ಪಂಜಾಬಿನ ಕುದುರೆ, ಒಂಟೆಗಳ ರಕ್ತದಲ್ಲಿ ಕಂಡುಹಿಡಿದನು.

ಚಳಿಗಾಲದ ವಿಷಯದಲ್ಲಿ ಹೇಳುವುದು ಸ್ವಲ್ಪವೇ. ಹಗಲು ಕಿರಿದಾಗುತ್ತ ಬಂದಂತೆ ಕುದುರೆಯ ಮೈಮೇಲೆ ದಟ್ಟ ಕೂದಲು ಬೆಳೆದು, ಹಗಲು ಹಿಗ್ಗಿದಂತೆ ಉದುರುತ್ತದೆ; ಇದಕ್ಕೆ ಮುಖ್ಯ ಸೂಚನೆ ಚಳಿಯಲ್ಲ, ಬೆಳಕು. ಆ ಕೂದಲಿನಲ್ಲಿ ನಿಂತ ಗಾಳಿಯೇ ಅದರ ಕಂಬಳಿ. ಮೈ ಒಣಗಿದ್ದು ಹೊಟ್ಟೆ ತುಂಬಿದ್ದರೆ ನಮ್ಮ ಸೀಮೆಯ ಮಾಘದ ರಾತ್ರಿಗಳು ಕುದುರೆಗೆ ಏನೂ ಅಲ್ಲ. ಹೊಟ್ಟೆಯ ಮಾತು ಏಕೆಂದರೆ, ಜೋಳದ ಕಣಿಕೆಯಂಥ ಒರಟು ಮೇವು ಕುದುರೆಯ ದೊಡ್ಡ ಕರುಳಿನಲ್ಲಿ ಹುದುಗುವಾಗ ಶಾಖ ಹುಟ್ಟುತ್ತದೆ. ಚಳಿಯ ರಾತ್ರಿಗೆ ಹುರಳಿಗಿಂತ ಒಂದು ಕಂತೆ ಕಣಿಕೆ ಮೇಲು. ಭಾರತ ಹುಣ್ಣಿಮೆಗೆ ರಾಯಬಾಗ ತಾಲ್ಲೂಕಿನ ಚಿಂಚಲಿಯಲ್ಲಿ ಮಾಯಕ್ಕನ ಜಾತ್ರೆ ಕೂಡುತ್ತದೆ. ಬಯಲಲ್ಲಿ ಕಟ್ಟಿದ ತಟ್ಟುಗಳು ಇಬ್ಬನಿಯಲ್ಲಿ ನಿಂತು ನಿಶ್ಚಿಂತೆಯಾಗಿ ಕಣಿಕೆ ಮೆಲ್ಲುವುದನ್ನು ಅಲ್ಲಿ ಬೆಳಗಿನ ಜಾವದಲ್ಲಿ ನೋಡಬೇಕು.

ವಿದ್ಯಾರ್ಥಿಯ ಪ್ರಶ್ನೆಗೆ ನಾವು ಕೊಟ್ಟ ಉತ್ತರ ಇದು: ಕುದುರೆ ಖಂಡಿತವಾಗಿ ಉಳಿಯುತ್ತಿತ್ತೆಂದು ಯಾರೂ ಹೇಳಲಾರರು, ಮೈ ಎಷ್ಟು ಕಾದಿತ್ತೆಂದು ಅಂದು ಯಾರೂ ಅಳೆದಿರಲಿಲ್ಲ. ಆದರೆ ನೀರಿನಿಂದ ಸಾಯುತ್ತಿರಲಿಲ್ಲ. ಅವನು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಕರಿಹಲಗೆಯ ಮೇಲೆ ಮೇಲಿನ ಲೆಕ್ಕವನ್ನೆಲ್ಲ ನಮ್ಮಿಂದ ಮಾಡಿಸಿ ತನ್ನ ನೋಟು ಪುಸ್ತಕದಲ್ಲಿ ಬರೆದುಕೊಂಡನು.

ಕಳೆದ ವರ್ಷ ಇನ್ನೊಂದು ಜಾತ್ರೆಯಲ್ಲಿ ಅವನ ತಂದೆ ಹೊಸ ಕುದುರೆಯನ್ನು ಹೂಡಿದ್ದರು. ಶರ್ಯತ್ತು ಬೆಳಗಿನ ಏಳು ಗಂಟೆಗೆ ಇತ್ತು. ಗುರಿಯ ಗೆರೆಯಾಚೆ ಎರಡು ಪೀಪಾಯಿ ನೀರು, ನಾಲ್ಕು ಬಕೀಟು, ಪಶುವೈದ್ಯರಿಂದ ತಂದ ಒಂದು ತಾಪಮಾಪಕ. ಗಾಡಿ ಬಿಚ್ಚಿದೊಡನೆ ಹುಡುಗ ಅಳೆದನು: 40.6. ಸುತ್ತ ನಿಂತವರು ಗೊಣಗುತ್ತಿದ್ದರೂ ಇಬ್ಬರು ನೀರು ಸುರಿಯತೊಡಗಿದರು. ಹನ್ನೊಂದನೆಯ ಬಕೀಟು ಮುಗಿದಾಗ ಮತ್ತೆ ಅಳೆದನು: 39.1. ಕುದುರೆ ತಲೆ ಕೊಡವಿ, ನಮ್ಮ ಅಂಗಿಯ ಮೇಲೆಲ್ಲ ನೀರು ಸಿಡಿಸಿ, ಪೀಪಾಯಿಗೆ ಮೂತಿ ಹಚ್ಚಿತು.